ಗುಲಾಬಿ, ಕನಕಾಂಬರ ಮತ್ತು ಮಾನ್ವಿಯ ಬೀಗರು

ಸಸ್ಯಶಾಸ್ತ್ರ ಕಲಿಸುವವನ ಮನೆಯಲ್ಲಿ ತೋಟ ಚೆನ್ನಾಗಿರಲೇಬೇಕೆಂದು ಜನ ಯಾಕೆ ತಿಳಿಯುತ್ತಾರೋ! ಗಣಿತದ ಮೇಷ್ಟರ ಮನೆಗೆ ಹೋಗಿ, ಸಂಬಳ ತಿಂಗಳ ಕೊನೆಯವರೆಗೆ ಸಾಲುತ್ತದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಆದರೆ ಈ ಬಗ್ಗೆ ನಾನು ಎಂದೂ ದೂರಿದವನಲ್ಲ. ಯಾಕೆಂದರೆ ಎಪ್ಪತ್ತರ ದಶಕದಲ್ಲಿ, ರಾಯಚೂರಿನ ಬಿಸಿಲಿಗೆ ಕಾದ ಹೆಂಚಿನಂತಾಗುತ್ತಿದ್ದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ನಾನೊಂದು ಗುಲಾಬಿ ಗಿಡ ಬದುಕಿಸಿದ್ದೆ.

ಹೈದರಾಬಾದಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗಿಡ ಅದು. ಅದಕ್ಕೆ ನೆರಳಿನ ತಟ್ಟಿ, ಚಹಾಪುಡಿಯ ಚರಟ, ಬೆಳಗು ಸಂಜೆ ನನ್ನ ಯೋಗಕ್ಷೇಮ ವಿಚಾರಣೆ. ಪಕ್ಕದಲ್ಲೇ ಬಚ್ಚಲ ನೀರು ಹರಿಯುವಲ್ಲಿ, ನನ್ನ ಹೆಂಡತಿ ಪದ್ಮಾ ತನ್ನ ತವರು ದೇವದುರ್ಗದಿಂದ ತಂದು ನೆಟ್ಟ ಕನಕಾಂಬರ. ಅದು ಯಾರ ಉಪಚಾರವನ್ನೂ ಕಾಯದೆ ಗೊಂಚಲು ಗೊಂಚಲಾಗಿ ಅರಳುತ್ತಿತ್ತು.

"ನಿಮ್ಮ ಗಿಡಕ್ಕಿಂತ ನಂದೇ ಛಲೋ ಅದ ನೋಡ್ರಿ," ಎಂದಳು ಒಮ್ಮೆ.

"ಹಂಗ ಹೋಲಿಸಬಾರ್ದು. ಅದರ ಕುಟುಂಬನೇ ಬ್ಯಾರೆ, ಇದರ ಕುಟುಂಬನೇ ಬ್ಯಾರೆ. ಒಂದಕ್ಕೊಂದು ಸಂಬಂಧನೇ ಇಲ್ಲ."

"ಬಾಜೂ ಮನಿಯವ್ರಿಗೂ ನಮಗೂ ಏನ್ ಸಂಬಂಧ ಅದ? ಆದ್ರೂ ದಿನಾ ಹೋಲಿಸ್ತೀರಲ್ರಿ!"

ನಾನು ಗುಲಾಬಿಗೆ ಇನ್ನೊಂದು ಚೊಂಬು ನೀರು ಹಾಕಿದೆ.

ಅಷ್ಟರಲ್ಲಿ ನನ್ನ ತಂಗಿ ಸುಮಿತ್ರಾಳನ್ನು ನೋಡಲು ಮಾನ್ವಿಯಿಂದ ಗಂಡಿನವರು ಬರುವುದೆಂದಾಯಿತು. ಹಿಂದಿನ ಮಾತುಕತೆಗಳು ಮುರಿದುಬಿದ್ದು ಅವ್ವ ನಗುವುದನ್ನೇ ಬಿಟ್ಟಿದ್ದಳು. ಸುಮಿತ್ರಾಳ ಜಡೆಗೆ ನನ್ನ ಗುಲಾಬಿಯೇ ಎಂದು ಘೋಷಿಸಿದೆ. ಹೂವು ಬೇಗನೇ ಅರಳಿತು. "ಈಗೇ ಕೀಳ್ರಿ, ಆಮ್ಯಾಲ ಉದುರ್ತದ," ಎಂದು ಪದ್ಮಾ ಎಚ್ಚರಿಸಿದರೂ, ಪೂರ್ಣ ವೈಭವ ಕಾಣಲಿ ಎಂದು ನಾನು ಕಾದೆ. ಅವರು ಬಂದ ದಿನ ನಾನೇ ಅದನ್ನು ತಂಗಿಯ ಜಡೆಗೆ ಸಿಕ್ಕಿಸಿದೆ. ಪದ್ಮಾ ಅದರ ಕೆಳಗೆ ಕನಕಾಂಬರದ ದಂಡೆ ಮುಡಿಸಿದಳು.

ಸುಮಿತ್ರಾ ಮಂಡಕ್ಕಿಯ ವಗ್ಗರಣಿ, ಮಿರ್ಚಿ ಬಜ್ಜಿಯ ತಟ್ಟೆ ಕೊಡಲು ಬಾಗಿದಳು. ಜಡೆ ಮುಂದಕ್ಕೆ ಜಾರಿ ಗುಲಾಬಿಯ ದಳಗಳೆಲ್ಲ ಒಮ್ಮೆಗೇ ಗಂಡಿನ ತಂದೆಯ ತಟ್ಟೆಗೆ ಸುರಿದವು. ಹಿರಿಯರು ಒಂದು ದಳವನ್ನು ಎತ್ತಿ ಬಾಯಿಗೆ ಹಾಕಿಕೊಂಡು, "ಗುಲ್ಕಂದ ಮಾಡೋದು ಬಾಕಿ ಅದ, ಅಷ್ಟ," ಎಂದರು. ಮೊದಲು ನಕ್ಕವಳು ಸುಮಿತ್ರಾ. ಅವಳು ನಕ್ಕಿದ್ದನ್ನು ನೋಡಿ ಹುಡುಗ ನಕ್ಕ. ಅವ್ವನೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ಗಂಡಿನ ತಾಯಿ ಮಾತ್ರ ಜಡೆಯನ್ನೇ ನೋಡುತ್ತಿದ್ದರು. "ಎಷ್ಟ್ ಛಂದ ಅದಾವವ್ವಾ ಕನಕಾಂಬರ! ನಮ್ಮನ್ಯಾಗ ಹಚ್ಚಿದ್ದೆಲ್ಲಾ ಒಣಗ್ತದ. ಯಾರು ಬೆಳಸ್ಯಾರ?"

ನಾನು ನೆಲ ನೋಡಿದೆ. ಪದ್ಮಾ ತಡಮಾಡಲಿಲ್ಲ. "ನಮ್ಮನಿಯವ್ರು ಗಿಡದ ಪಾಠನೇ ಹೇಳ್ತಾರಲ್ರಿ. ಹೂವಿನ ಮನಿ ಇದು," ಎಂದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ. ಇಂಥ ಹೆಂಡತಿ ಊರಲ್ಲಿ ಇನ್ನಾರಿಗಿದ್ದಾಳೆ ಎಂದು ನನ್ನ ಎದೆಯುಬ್ಬಿತು.

ಸಂಬಂಧ ಅಂದೇ ಕುದುರಿತು. ಮರುದಿನ ಕಾಲೇಜಿನಲ್ಲಿ, ನಮ್ಮ ಅಂಗಳದ ಹೂವಿನಿಂದಲೇ ತಂಗಿಯ ಮದುವೆ ಗೊತ್ತಾಯಿತೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಯಾವ ಹೂವೆಂದು ಯಾರೂ ಕೇಳಲಿಲ್ಲ. ಕೇಳುವಷ್ಟು ಬಿಡುವನ್ನು ನಾನೂ ಕೊಡಲಿಲ್ಲ.