ಪಾವಟಿಗೆಯ ಗಾಯ, ಮೆಡಿಕಲ್ ಸೀಟು

ಕಲ್ಯಾಣಪ್ಪ: ಹಂಗಲ್ಲಲೇ! ಅದು ಹಾಕಿ ಕೋಲು. ಕಸಬರಿಗಿ ಹಿಡಿದಂಗ ಹಿಡಿದೀಯಲ್ಲ!

ಆಗಿನ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಶಹಾಬಾದಿನ ಶಾಲಾ ಮಾಸ್ತರ ಕಲ್ಯಾಣಪ್ಪ ಆ ಕೋಲನ್ನು ರೈಲ್ವೆ ಗಾರ್ಡನ ಮನೆಯಿಂದ ಆಗಷ್ಟೇ ಕೇಳಿ ತಂದಿದ್ದರು. ಮಗ ಅಮೃತಪ್ಪ ಅದನ್ನು ತಲೆಕೆಳಗಾಗಿ ಹಿಡಿದು ಅಂಗಳದಲ್ಲಿ ನಿಂತಿದ್ದ. ಬೇಕೆಂತಲೇ ಹಾಗೆ ಹಿಡಿದಿದ್ದಾನೆಂದು ಜೋಳ ಹಸನು ಮಾಡುತ್ತಿದ್ದ ಮಹಾದೇವಮ್ಮನಿಗೆ ಗೊತ್ತಿತ್ತು. ಗುಲಬರ್ಗಾ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗಿಬರುವ ಮಗ ಅಲ್ಲಿಯ ಹಾಕಿ ತಂಡದಲ್ಲಿದ್ದಾನೆಂಬುದು ಮನೆಯಲ್ಲಿ ಆಕೆಗೊಬ್ಬಳಿಗೇ ತಿಳಿದ ಸಂಗತಿ. 'ಚೆಂಡು ಮುಟ್ಟಿದಿ ಅಂದ್ರ ಕಾಲೇಜು ಬಂದ್' ಎಂಬುದು ಗಂಡನ ಅಪ್ಪಣೆ.

ಮಹಾದೇವಮ್ಮ: ಏನ್ರಿ, ಆಟ ಆಡಿದವ ಹಾಳಾಗಿ ಹೋಗ್ತಾನ ಅಂತಿದ್ರಿ ನಿನ್ನಿ ತನಕ?

ಕಲ್ಯಾಣಪ್ಪ: ನಿನ್ನಿ ಮಾತು ನಿನ್ನಿಗಿ. ಇವತ್ತ ವಾಡಿ ಊರಿನ ಡಾಕ್ಟರ್ ಸಾಹೇಬ್ರು ಹೇಳ್ಯಾರ. ಇಬ್ಬರ ಮಾರ್ಕು ಸಮ ಇದ್ರ, ಕಾಲೇಜಿನಾಗ ಆಟ ಆಡಿದವಗ ಮೆಡಿಕಲ್ ಸೀಟು ಅಂತ. ನಾಡಿದ್ದು ಹೈದರಾಬಾದಿನಾಗ ಇಂಟರ್‌ವ್ಯೂ. ಅಷ್ಟರಾಗ ಇವನ್ನ ಆಟಗಾರನ್ನ ಮಾಡಬೇಕು.

ಅಮೃತಪ್ಪ: ಅಪ್ಪಾ, ನಾಡಿ ನೋಡ್ಲಾಕ ಹಾಕಿ ಕೋಲು ಯಾಕ ಬೇಕು?

ಕಲ್ಯಾಣಪ್ಪ: ಔಷಧ ಕುಡೀಲಾರದ ರೋಗಿಗಿ ಬೇಕಾಗ್ತದ! ಈಗ ನಾ ಇಂಟರ್‌ವ್ಯೂ ಸಾಹೇಬ. ಹೇಳು, ಕಾಲೇಜಿನಾಗ ಏನ ಆಡೀದಿ?

ಅಮೃತಪ್ಪ: ಏನೂ ಆಡಿಲ್ರಿ ಸಾಹೇಬ್ರ. ನಮ್ಮಪ್ಪ ಬಿಟ್ಟಿಲ್ರಿ.

ಕಲ್ಯಾಣಪ್ಪ: ಖೋಡಿ! ಹೋಯ್ತು ಸೀಟು! ಅಪ್ಪನ ಸುದ್ದಿ ಯಾಕ ತೆಗೀತಿ? ಎರಡು ವರ್ಷ ಹಾಕಿ ಆಡೀನಿ ಅನ್ನು.

ಅಮೃತಪ್ಪ: ಸಬೂತು ಕೇಳಿದ್ರ?

ಕಲ್ಯಾಣಪ್ಪ ಯೋಚಿಸಿದರು. ಕಣ್ಣು ಮಗನ ಮೊಣಕಾಲ ಕೆಳಗೆ ಹೋಯಿತು. ಅಲ್ಲಿ ಗಾಯದ ಕಲೆಗಳಿಗೆ ಲೆಕ್ಕವಿರಲಿಲ್ಲ. ಸಂಜೆ ರೈಲಿಳಿದು ಬರುವಾಗ ಮನೆ ಮುಂದಿನ ಪಾವಟಿಗೆಯ, ಅಂದರೆ ಕಲ್ಲಿನ ಮೆಟ್ಟಿಲ, ಮೇಲೆ ಜಾರಿ ಆದ ಗಾಯಗಳು ಎಂದು ಮಗ ಹೇಳಿದ್ದ. ಕಲ್ಲು ಜಾರುತ್ತದೆಂದು ಅದನ್ನು ಬೈದು, ಭೀಮಶಾ ಮೇಸ್ತ್ರಿಯಿಂದ ಮೂರು ಸಲ ಕೆತ್ತಿಸಿ ಒರಟು ಮಾಡಿಸಿದ್ದಾಗಿತ್ತು.

ಕಲ್ಯಾಣಪ್ಪ: ಪೈಜಾಮ ಮ್ಯಾಲ ಮಾಡಿ ಸಾಹೇಬಗ ಕಾಲು ತೋರಸು! ಪಾವಟಿಗಿ ಮಾಡಿದ ಗಾಯ ಹಾಕಿ ಆಟದಾಗ ಆಗ್ಯಾವ ಅನ್ನು. ಯಾವ ಸಾಹೇಬಗ ತಿಳೀತದ?

ಮಹಾದೇವಮ್ಮ ಮುಖಕ್ಕೆ ಮೊರ ಅಡ್ಡ ಹಿಡಿದಳು.

ಅಮೃತಪ್ಪ: ಅದು ಸುಳ್ಳಲ್ಲೇನಪಾ?

ಕಲ್ಯಾಣಪ್ಪ: ಡಾಕ್ಟರ್ ಆದ ಮ್ಯಾಲ ದಿನಾ ರೋಗಿಗಿ 'ಏನೂ ಆಗಿಲ್ಲ' ಅನ್ನಬೇಕಾಗ್ತದ. ಈಗಿಂದ ರೂಢಿ ಆಗ್ಲಿ. ತಾ ಕೋಲು ಇಲ್ಲಿ, ಹ್ಯಾಂಗ ಹೊಡೀಬೇಕು ನಾ ತೋರಸ್ತೀನಿ.

ಅವರು ಒಂದು ಉಳ್ಳಾಗಡ್ಡಿ ನೆಲಕ್ಕಿಟ್ಟು ಕೋಲು ಬೀಸಿದರು. ಕೋಲು ಗಾಳಿಗೆ ಬಡಿಯಿತು; ಉಳ್ಳಾಗಡ್ಡಿ ಇದ್ದಲ್ಲೇ ಇತ್ತು. ಇನ್ನೊಮ್ಮೆ ಬೀಸಿದರು. ಮತ್ತೂ ಅಷ್ಟೇ. ನೋಡಿ ನೋಡಿ ಅಮೃತಪ್ಪನಿಗೆ ತಡೆಯಲಾಗಲಿಲ್ಲ. ಕೋಲು ತೆಗೆದುಕೊಂಡ. ಉಳ್ಳಾಗಡ್ಡಿ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ಅಪ್ಪನ ಎರಡು ಕಾಲುಗಳ ನಡುವೆ ನುಸುಳಿತು, ದನದ ಕೊಟ್ಟಿಗೆಯ ಬಾಗಿಲೊಳಗೆ ಹೋಗಿ ನಿಂತಿತು. ಸಿಪ್ಪೆ ಸಹ ಸುಲಿದಿರಲಿಲ್ಲ.

ಕಲ್ಯಾಣಪ್ಪ: ಇದು... ಇದನ್ನ ಯಾವ ಪಾವಟಿಗಿ ಕಲಿಸ್ತು?

ಅಮೃತಪ್ಪ: ಕಾಲೇಜಿನ ಮೈದಾನ ಅಪ್ಪಾ. ನಾ ಲೈಬ್ರರಿಗಿ ಹೋಗೀನಿ ಅಂತಿದ್ದೆನಲ್ಲ, ಹೋಗಿದ್ದು ಅಲ್ಲಿಗೇ.

ಕಲ್ಯಾಣಪ್ಪ: ಎರಡು ವರ್ಷ ಹೆತ್ತಪ್ಪಗ ಸುಳ್ಳು! ಕೆಲಸ ನೆಟ್ಟಗ ಮಾಡಿಲ್ಲ ಅಂತ ಭೀಮಶಾನ ಕೂಡ ಮಾತು ಬಿಟ್ಟೀನಲ್ಲೋ!

ಮಹಾದೇವಮ್ಮ: ಆಗಿಂದ ಸುಳ್ಳು ಹೇಳು ಅಂತ ನೀವೇ ಕಲಿಸ್ಲಿಕತ್ತೀರಿ. ಖರೇ ಹೇಳಿದ್ರ ಸಿಟ್ಟಿಗೇಳ್ತೀರಿ. ಅವ ಏನ ಹೇಳಬೇಕ್ರಿ?

ಕಲ್ಯಾಣಪ್ಪ ಪಾವಟಿಗೆಯ ಮೇಲೆ ಕೂತರು, ಚುಚ್ಚಿತೆಂದು ಎದ್ದರು. ಕೊಟ್ಟಿಗೆಗೆ ಹೋಗಿ ಉಳ್ಳಾಗಡ್ಡಿ ತಂದು ಮಗನ ಮುಂದಿಟ್ಟರು.

ಕಲ್ಯಾಣಪ್ಪ: ಇನ್ನೊಮ್ಮೆ ಹೊಡಿ, ನೋಡ್ತೀನಿ. ಮತ್ತ ಇಂಟರ್‌ವ್ಯೂನಾಗ ಖರೇನೇ ಹೇಳು. ಆಡ್ಲಾಕ ಯಾರು ಹುರುಪು ಕೊಟ್ರು ಅಂತ ಕೇಳಿದ್ರ ಮಾತ್ರ... ನಮ್ಮಪ್ಪ ಅನ್ನು.

ಮಹಾದೇವಮ್ಮ: ಪಾವಟಿಗಿ ಹೆಸರೂ ಹೇಳೋ ಯಪ್ಪಾ. ಬೈಸಿಕೊಂಡದ್ದು ಅದು, ಕೆತ್ತಿಸಿಕೊಂಡದ್ದೂ ಅದೇ.