ಮಿಠಾಯಿ ಅಂಗಡಿಯ ಮೆಟ್ಟಿಲು ಬಿಡದ ಭುಲು ಅವರಿಗೆ

ಮಾನ್ಯರೇ,

ಟಾಲಿಗಂಜಿನ ನಮ್ಮ ವಸತಿ ಸಮುಚ್ಚಯದ ಗೇಟಿನ ಖಾಯಂ ನಿವಾಸಿಗಳೂ, ಈ ಕೇರಿಯ ಬೀದಿನಾಯಿಗಳಲ್ಲೆಲ್ಲ ಹಿರಿಯರೂ, ಯಾರ ಮನೆಯಲ್ಲಿ ಇಂದು ಯಾವ ಮೀನೆಂಬುದನ್ನು ಬಾಗಿಲು ತೆರೆಯುವ ಮೊದಲೇ ಬಲ್ಲವರೂ ಆದ ತಮಗೆ, ಉಡುಪಿ ಕಡೆಯಿಂದ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು, ನಿವೃತ್ತನಾಗಿ, ಇಲ್ಲಿಯೇ ಉಳಿದುಬಿಟ್ಟ ರತ್ನಾಕರನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಹೊಟ್ಟೆಯ ಸುತ್ತಳತೆಯಿಂದಲೇ ತಿಳಿದು ಸಂತೋಷವಾಯಿತು. ನಾನು ಅಷ್ಟು ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ಕಾರಣರು ತಾವೇ ಎಂದು ವಿನಯದಿಂದ ನಿವೇದಿಸಲು ಈ ಪತ್ರ.

ಲಾಕ್‌ಡೌನ್ ದಿನಗಳಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗಲೂ ಈ ಊರಿನ ಮಿಠಾಯಿ ಅಂಗಡಿಗಳಿಗೆ ಮಧ್ಯಾಹ್ನ ಸ್ವಲ್ಪ ಹೊತ್ತು ತೆರೆಯಲು ಅಪ್ಪಣೆ ಸಿಕ್ಕಿದ್ದು ತಮಗೆ ನೆನಪಿದ್ದೀತು. ಹಸಿದ ನಾಯಿಗೆ ಬಿಸ್ಕತ್ತು ಹಾಕಿ ಬರುತ್ತೇನೆಂದು ಮಾಸ್ಕು ಕಟ್ಟಿಕೊಂಡು ಹೊರಟ ನಾನು, ತಮ್ಮ ಬೆಂಗಾವಲಿನಲ್ಲಿ ಮೂಲೆಯ ಅಂಗಡಿಯವರೆಗೆ ಹೋಗಿ, ತಮಗೆ ಬಿಸ್ಕತ್ತು ನನಗೆ ಈ ಊರಿನ ಹಾಲಿನ ಸಿಹಿಯಾದ ಸಂದೇಶ್ ಎರಡು ಎಂಬ ನ್ಯಾಯವಾದ ಹಂಚಿಕೆ ಮಾಡಿಕೊಂಡು ಮರಳುತ್ತಿದ್ದೆ. ಲಾಕ್‌ಡೌನ್ ಮುಗಿಯಿತು, ಹಂಚಿಕೆ ಮುಗಿಯಲಿಲ್ಲ. ಆ ಒಪ್ಪಂದ ನಮ್ಮಿಬ್ಬರಲ್ಲೇ ಉಳಿಯಬೇಕೆಂದು ಬಾಯಿಬಿಟ್ಟು ಹೇಳಿರಲಿಲ್ಲ, ನಿಜ. ಅನ್ನದ ಋಣವಿರುವವರಿಗೆ ಅದನ್ನೂ ಹೇಳಬೇಕೆಂದು ನನಗೆ ತೋಚಲಿಲ್ಲ.

ಎರಡನೆಯ ಅಲೆಯಲ್ಲಿ ನನ್ನ ಹೆಂಡತಿ ಮನೋರಮಾ ಆಸ್ಪತ್ರೆ ಸೇರಿ, ಆಕ್ಸಿಜನ್ ಮೇಲೆ ಮಲಗಿದ್ದು ತಮಗೂ ಗೊತ್ತು. ಒಳಗೆ ಬಿಡದ ಕಾರಣ ನಾನು ರಸ್ತೆಯ ಆಚೆ ನಿಂತು ಯಾವ ಕಿಟಕಿ ಆಕೆಯದೆಂದು ಊಹಿಸುತ್ತಿದ್ದೆ. ಆಕೆ ಮರಳಿದಳು, ಆದರೆ ಉಸಿರು ಪೂರ್ತಿ ಮರಳಲಿಲ್ಲ. ಅವಳ ಶ್ವಾಸಕೋಶಕ್ಕೂ ನನ್ನ ಸಕ್ಕರೆಗೂ ನಡಿಗೆಯೇ ಮದ್ದೆಂದು ಡಾಕ್ಟರರು ಹೇಳಿ, ಕರಿದದ್ದನ್ನೂ ಸಿಹಿಯನ್ನೂ ಇಬ್ಬರಿಗೂ ನಿಷೇಧಿಸಿದರು. ನ್ಯೂ ಟೌನಿನಿಂದ ಮಗ ಅಕ್ಷಯ ಓಟ್ಸ್ ತಂದು ಸುರಿದ. ಮನೆಯಲ್ಲಿ ಮೆಂತೆ ಗಂಜಿ, ಹಾಗಲಕಾಯಿ ಪಲ್ಯಗಳ ರಾಜ್ಯಭಾರ ಶುರುವಾಯಿತು. ಬೆಳಿಗ್ಗೆ ಒಟ್ಟಿಗೆ ಹೊರಡುತ್ತಿದ್ದೆವು. ಆ ಮೂಲೆಯ ಹತ್ತಿರ ಬರುತ್ತಲೇ ಆಕೆ ಗೋಡೆ ಹಿಡಿದು, ಇನ್ನು ಆಗುವುದಿಲ್ಲವೆಂದು ಹಿಂತಿರುಗುತ್ತಿದ್ದಳು. ಇನ್ನೊಂದು ದೀಪದ ಕಂಬದವರೆಗೆ ಬಾ ಎಂದು ನಾನು ಎಷ್ಟು ಗೋಗರೆದರೂ ಇಲ್ಲ. ಸಂಜೆ ಗೇಟಿನ ಬಳಿ ತಮಗೆ ಚಪಾತಿ ಹಾಕಿ, ನೆರೆಯವರೊಡನೆ ಒಂದಷ್ಟು ಹೊತ್ತು ಹರಟಿ ಬರುವುದೇ ಆಕೆಯ ಉಳಿದ ಸಂಚಾರವೆಂದು ನಾನು ನಂಬಿದ್ದೆ.

ಹೀಗಿರಲು ಒಂದು ಬೆಳಿಗ್ಗೆ, ಆಕೆ ಗೋಡೆ ಹಿಡಿದು ನಿಂತ ಕ್ಷಣವನ್ನೇ ಆರಿಸಿಕೊಂಡು, ತಾವು ಮಿಠಾಯಿ ಅಂಗಡಿಯ ಮೆಟ್ಟಿಲ ಮೇಲೆ ಸಭಾಪತಿಗಳಂತೆ ಆಸೀನರಾಗಿ ನನ್ನತ್ತ ಬಾಲವಾಡಿಸಿದಿರಿ. ತಮ್ಮನ್ನು ಕಂಡ ಅಂಗಡಿಯವನು, ನಾನು ಕೇಳದಿದ್ದರೂ, ಎರಡು ಸಂದೇಶ್‌ಗಳನ್ನು ಎಲೆಯಲ್ಲಿಟ್ಟು ನನ್ನ ಕೈಗೆ ಚಾಚಿದ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ; ಎಣಿಸಿ ಮನೆಯೊಡತಿಗೇ ಲೆಕ್ಕ ಒಪ್ಪಿಸಿದವರು ತಾವೊಬ್ಬರೇ. ಮನೋರಮಾ ಜಗಳವಾಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಇಷ್ಟೇ ಅಂದಳು: "ನಾನು ಅಷ್ಟು ಕಷ್ಟದಲ್ಲಿ ಉಸಿರು ಎಳ್ಕೊಂಡು ಬಂದದ್ದು ನಿಮ್ಮೊಟ್ಟಿಗೆ ಇರ್ಲಿಕ್ಕೆ. ನಿಮಗೆ ಇರ್ಲಿಕ್ಕೆ ಮನಸ್ಸಿಲ್ಲಂತಾದ್ರೆ ಮೊದಲೇ ಹೇಳ್ಬೇಕಿತ್ತು."

ಅಂದಿನಿಂದ ನಾನು ಸಿಹಿ ಮುಟ್ಟಿಲ್ಲ. ಈ ಅನಾಹುತಕ್ಕೆ ತಮ್ಮನ್ನು ಎಷ್ಟು ಕೊಂಡಾಡಿದರೂ ಕಡಿಮೆ.

ದೂರು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಳೆದ ವಾರ ಮನೋರಮಾ ಮಗನ ಮನೆಗೆ ಹೋಗಿದ್ದ ಸಂಜೆ, ಚಪಾತಿ ಹಾಕುವ ಹೊಣೆ ನನ್ನ ಮೇಲೆ ಬಿತ್ತು. ತಾವು ಚಪಾತಿಯನ್ನು ಮೂಸಿಯೂ ನೋಡದೆ ಮುಂದೆ ನಡೆದಿರಿ. ಕುತೂಹಲದಿಂದ ತಮ್ಮ ಹಿಂದೆಯೇ ಬಂದೆ. ಮಿಠಾಯಿ ಅಂಗಡಿ ದಾಟಿ, ದೊಡ್ಡ ರಸ್ತೆ ದಾಟಿ, ಸಿನಿಮಾ ಸ್ಟುಡಿಯೋದ ಉದ್ದ ಗೋಡೆಯನ್ನು ಹಿಡಿದು ಹೋಗುವಷ್ಟರಲ್ಲಿ ನಾನು ಎರಡು ಸಲ ನಿಂತು ಸುಧಾರಿಸಿಕೊಳ್ಳಬೇಕಾಯಿತು. ಕೊನೆಗೆ ತಾವು ಬಾಲವಾಡಿಸುತ್ತಾ ಕುಳಿತದ್ದು ಒಂದು ಬಜ್ಜಿ ಅಂಗಡಿಯ ಬೆಂಚಿನ ಕೆಳಗೆ. ಬೌದಿ ಇವತ್ತು ಯಾಕೆ ಬರಲಿಲ್ಲವೆಂದು ಅಂಗಡಿಯವನು ತಮ್ಮನ್ನೇ ಕೇಳಿದ. ಬೌದಿ ಎಂದರೆ ಈ ಊರಿನಲ್ಲಿ ಅತ್ತಿಗೆ. ಕನ್ನಡಕ ಹಾಕುವ, ಮೆಲ್ಲಗೆ ಮಾತಾಡುವ, ಬದನೆಕಾಯಿ ಬಜ್ಜಿಯನ್ನು ಮಂಡಕ್ಕಿಯ ಜೊತೆ ತಿನ್ನುವ ಆ ಅತ್ತಿಗೆ ಹೆಚ್ಚುಕಡಿಮೆ ದಿನವೂ ತಮ್ಮೊಡನೆ ನಡೆದೇ ಬರುತ್ತಾರಂತೆ, ನಡೆದೇ ಹೋಗುತ್ತಾರಂತೆ.

ಮೊದಲು ಸಿಟ್ಟು ಬಂತು. ಹಾಗಲಕಾಯಿಗಳೆಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಬಂದ ದಾರಿಯನ್ನು ತಿರುಗಿ ನೋಡಿದೆ. ಗೋಡೆಯ ಕೊನೆ ಅಲ್ಲಿಂದ ಕಾಣಿಸುತ್ತಿರಲಿಲ್ಲ. ಅಷ್ಟು ದೂರ ನನ್ನ ಮನೋರಮಾ ನಡೆಯುತ್ತಾಳೆ! ಜೀವಮಾನವಿಡೀ ಬೇರೆಯವರಿಗೆ ಉಳಿತಾಯದ ಉಪದೇಶ ಮಾಡಿದವನ ಮನೆಯಲ್ಲೇ ಒಬ್ಬಳು ಬೆಳಗಿನ ಉಸಿರನ್ನು ಸಂಜೆಗೆ ಉಳಿಸಿಡುತ್ತಿದ್ದಾಳೆ. ನನ್ನ ಕಣ್ಣು ತುಂಬಿತು. ಎಣ್ಣೆಯ ಹೊಗೆ ಎಂದು ಅಂಗಡಿಯವನಿಗೆ ಸುಳ್ಳು ಹೇಳಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ: ಆ ಬಜ್ಜಿ ಅಂಗಡಿ ಯಾವ ಕಾರಣಕ್ಕೂ ನಮ್ಮ ಗೇಟಿನ ಹತ್ತಿರಕ್ಕೆ ಬಾರದಂತೆ ತಾವು ಕಾಯಬೇಕು. ಸಾಧ್ಯವಾದರೆ ಮುಂದಿನ ತಿಂಗಳೊಳಗೆ ಇನ್ನೊಂದು ಗಲ್ಲಿ ಆಚೆ, ಎಣ್ಣೆ ಕಡಿಮೆ ಹಾಕುವ ಒಂದು ಅಂಗಡಿಯನ್ನು ಮೂಸಿ ಹುಡುಕಿ, ಮನೋರಮಾಳನ್ನು ಅಲ್ಲಿಗೆ ಕರೆದೊಯ್ಯಬೇಕು. ಚಳಿಗಾಲದ ಹೊತ್ತಿಗೆ ಆಕೆ ನಡೆದೇ ಕಾಳಿಘಾಟ್‌ನ ಗುಡಿ ತಲುಪಿದರೆ ತಮ್ಮ ಹೆಸರಿನಲ್ಲಿ ಪೂಜೆ ಮಾಡಿಸುತ್ತೇನೆ. ಆಕೆಗೆ ನಾನು ಏನೂ ಹೇಳಿಲ್ಲ. ಈಗಲೂ ಬೆಳಿಗ್ಗೆ ಆ ಮೂಲೆಯಲ್ಲಿ ಆಕೆ ಇನ್ನು ಆಗುವುದಿಲ್ಲವೆಂದು ಗೋಡೆ ಹಿಡಿಯುತ್ತಾಳೆ, ನಾನು ಬಹಳ ಕಳವಳದ ಮುಖ ಮಾಡಿ ಕೈ ಕೊಡುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ರತ್ನಾಕರ

ತಾ.ಕ.: ನನ್ನಿಂದ ಬಿಸ್ಕತ್ತು ತಿಂದು ಒಂದೇ ಬೆಳಿಗ್ಗೆಯಲ್ಲಿ ನನ್ನ ಗುಟ್ಟು ಬಿಟ್ಟುಕೊಟ್ಟ ತಾವು, ಆಕೆಯ ಗುಟ್ಟನ್ನು ಇಷ್ಟು ಕಾಲ ಹೊಟ್ಟೆಯಲ್ಲಿಟ್ಟುಕೊಂಡದ್ದು ಹೇಗೆಂದು ಯೋಚಿಸುತ್ತಿದ್ದೆ. ದಿನವೂ ಅರ್ಧ ಬಜ್ಜಿ ತಮಗೇ ಸಲ್ಲುತ್ತದೆಂದು ಅಂಗಡಿಯವನು ತಿಳಿಸಿದ. ಅಷ್ಟು ಕೊಡುವುದು ನನ್ನಿಂದಾಗದು. ಆದರೆ ಆಕೆ ಎಂದಾದರೂ ದಾರಿಯಲ್ಲಿ ನಿಜವಾಗಿಯೇ ಏದುಸಿರು ಬಿಟ್ಟರೆ, ಆ ಗುಟ್ಟನ್ನು ಮಾತ್ರ ಓಡಿಬಂದು ನನಗೆ ಹೇಳತಕ್ಕದ್ದು.