ಮರದ ಸೇತುವೆಗೆ ಹೊತ್ತ ಪುಳಿಯೋಗರೆ

ಫೋನಿನಲ್ಲಿ ವನಜಾ ಆಂಟಿಯ ಹೆಸರು ಕಂಡೊಡನೆ ಚಾಮರಾಜನ ಸೊಂಟ ತಾನಾಗಿಯೇ ನೋಯತೊಡಗಿತು. ಪರದೇಶದ ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ಆಂಟಿಯದು ಪಕ್ಕದ ಮನೆ. ಅಲ್ಲಿ ನಾಮಕರಣವಾಗಲಿ, ಆರತಿಯಾಗಲಿ, ಕುರ್ಚಿ ಹೊರುವವನು ಮದುವೆಯಾಗದ ಚಾಮರಾಜನೇ. ಈ ಭಾನುವಾರ ಸತ್ಯನಾರಾಯಣ ಪೂಜೆ. ವಾರವಿಡೀ ಆಫೀಸಿನಲ್ಲಿ ಹಿಂಡಿಹೋದ ಅವನಿಗೆ ಭಾನುವಾರ ಮಧ್ಯಾಹ್ನದವರೆಗೆ ಮಲಗಬೇಕೆಂಬುದೊಂದೇ ಆಸೆ.

"ಚಾಮು, ಭಾನುವಾರ..." ಎಂದು ಆಂಟಿ ಶುರು ಮಾಡಿದರು.

"ಅಯ್ಯೋ ಆಂಟಿ, ಭಾನುವಾರ ನಾನು ಮನೇಲೇ ಇರಲ್ಲ!" ಎಂದ. ಗೋಡೆಯ ಕ್ಯಾಲೆಂಡರಿನಲ್ಲಿ ಹಳೆಯ ಮರದ ರೈಲು ಸೇತುವೆಯೊಂದರ ಚಿತ್ರವಿತ್ತು. "ಬೆಟ್ಟದ ಕಡೆ ಮರದ ರೈಲು ಸೇತುವೆ ಇದೆಯಲ್ಲ, ನೋಡೋಕೆ ಹೋಗ್ತಿದೀನಿ. ಕಾಡಲ್ಲಿ ನಡ್ಕೊಂಡು. ತುಂಬಾ ದಿನದ ಆಸೆ."



"ಒಬ್ನೇನಾ?"

"ಹೂಂ ಆಂಟಿ."

"ಹಾವು ಗೀವು ಕಚ್ಚಿದ್ರೆ ಮೈಸೂರಲ್ಲಿರೋ ನಿಮ್ಮಮ್ಮನಿಗೆ ನಾನೇನಪ್ಪಾ ಹೇಳ್ಲಿ? ನಾವೂ ಬರ್ತೀವಿ."

"ಮತ್ತೆ ಪೂಜೆ?"

"ಅದು ಬಿಡು. ಬೆಳಗ್ಗೆ ಆರಕ್ಕೇ ರೆಡಿಯಾಗಿರು."

ಆಫೀಸಿಗೂ ಅವನು ಏಳಕ್ಕೆ ಏಳುತ್ತಿದ್ದ.

ಭಾನುವಾರ ಕಾರಿನಲ್ಲಿ ಆಂಟಿ, ಅವರ ಗಂಡ ಮಹಾಬಲೇಶ್ವರ ಅಂಕಲ್, ಮಗಳು ಅದಿತಿ, ಒಂದು ಕೊಳಗ ಪುಳಿಯೋಗರೆ. ಕಾಡಿನ ದಾರಿ ಶುರುವಾದಲ್ಲಿ ಅಂಕಲ್ ಮಂಡಿ ಹಿಡಿದುಕೊಂಡರು. ಆಂಟಿ ಕೊಳಗವನ್ನು ಚಾಮರಾಜನ ಹೆಗಲಿಗೆ ಏರಿಸಿದರು.

"ಕಾರಲ್ಲೇ ಇಟ್ಟು, ಬಂದು ತಿನ್ಬಹುದಲ್ವಾ ಆಂಟಿ?"

"ಅಷ್ಟು ದೂರ ಹೋಗಿ ಬರಿ ಕೈಲಿ ಸೇತುವೆ ನೋಡೋದಾ?"

ಬಿಸಿಲು ಏರಿತು. ನೊಣಗಳು ಮದುವೆಗೆ ಬಂದ ನೆಂಟರಂತೆ ಮುಖಕ್ಕೇ ಮುತ್ತಿದವು. ಓಡಿಸಲು ಅವನ ಕೈ ಖಾಲಿಯಿರಲಿಲ್ಲ. ಎಂದೂ ನೋಡದ ಸೇತುವೆಗೆ ಎಲ್ಲರನ್ನೂ ಧೈರ್ಯವಾಗಿ ನಡೆಸಿದ. ಎಡಕ್ಕೆ ತಿರುಗಿದ, ಮತ್ತೆ ಎಡಕ್ಕೆ ತಿರುಗಿದ. ಬಹಳ ಹೊತ್ತಿನ ಮೇಲೆ ಮರಗಳ ನಡುವೆ ಏನೋ ಹೊಳೆಯಿತು.

"ಅರೆ, ಥೇಟ್ ನಮ್ಮ ಕಾರಿನ ತರಾನೇ ಇದೆ," ಎಂದರು ಅಂಕಲ್.

"ನಮ್ದೇ ರೀ ಅದು!" ಆಂಟಿ ಚಾಮರಾಜನತ್ತ ತಿರುಗಿದರು. "ತುಂಬಾ ದಿನದ ಆಸೆ ಅಂದೆ, ದಾರಿ ಕೂಡ ನೋಡ್ಕೊಂಡಿಲ್ವೇನೋ?"

"ದಿಸ್ ವೇ, ಗೈಸ್," ಎಂದು ಫೋನು ಹಿಡಿದ ಅದಿತಿ ಬಲಕ್ಕೆ ಹೊರಟಳು.

ಕೊನೆಗೂ ಸೇತುವೆ ಸಿಕ್ಕಿತು. ಕಣಿವೆಗೆ ಅಡ್ಡಲಾಗಿ ಜಾರಾ ಎಂಬ ಅಲ್ಲಿನ ಗಟ್ಟಿ ಮರದ ದಪ್ಪ ಕಂಬಗಳು ಕಾಲು ಅಗಲಿಸಿ ನಿಂತಿದ್ದವು. ರೈಲು ನಿಂತು ಎಷ್ಟೋ ವರ್ಷವಾಗಿದೆ. ಆದರೂ ಬೀಳದಿರಲೆಂದು ಕಬ್ಬಿಣದ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಚಾಮರಾಜ ಅದನ್ನು ಬಹಳ ಹೊತ್ತು ನೋಡಿದ. ಪಾಪ, ಇದನ್ನೂ ಮಲಗಲು ಬಿಟ್ಟಿಲ್ಲ ಎನ್ನಿಸಿತು. ಕೊಳಗ ಇಳಿಸಿ ಹುಲ್ಲಿನ ಮೇಲೆ ಒರಗಿ ಕಣ್ಣು ಮುಚ್ಚಿದ.

"ಏಯ್ ಚಾಮು, ಏಳು, ಇರುವೆ ಇದೆ! ಬಾ, ಫೋಟೋ ತೆಗಿ."

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಖಾಲಿ ಕೊಳಗ ಇಟ್ಟುಕೊಂಡು ಚಾಮರಾಜ ತೂಕಡಿಸುತ್ತಿದ್ದ.

"ನನಗಂತೂ ಕಾಲೆಲ್ಲಾ ಬಿದ್ದೋಯ್ತು," ಎಂದರು ಆಂಟಿ. "ಇವತ್ತು ಮನೇಲಿ ಎಲ್ಲಾ ಮಲಗೋಣ ಅಂತಿದ್ವಿ. ನಿನ್ನೊಬ್ಬನ್ನೇ ಕಾಡಿಗೆ ಹೇಗೆ ಕಳಿಸೋದು ಅಂತ ಬಂದ್ವಿ ಅಷ್ಟೆ."

ಚಾಮರಾಜನ ತೂಕಡಿಕೆ ನಿಂತಿತು. "ಮಲಗೋಣ ಅಂತಿದ್ರಾ? ಪೂಜೆ ಇತ್ತಲ್ಲ ಆಂಟಿ?"

"ಎಲ್ಲಿ ಪೂಜೆ? ಪುರೋಹಿತರು ಯಾರದೋ ಗೃಹಪ್ರವೇಶಕ್ಕೆ ಅಡಿಲೇಡ್‌ಗೆ ಹೊರಟ್ಬಿಟ್ರು. ಮುಂದಿನ ವಾರಕ್ಕೆ ಹೋಯ್ತು. ಭಾನುವಾರ ಬರೋದು ಬೇಡಪ್ಪ, ಸುಸ್ತಾಗಿದೀಯ, ಹಾಯಾಗಿ ಮಲಗು ಅಂತ ಹೇಳೋಕೇ ಅವತ್ತು ಫೋನ್ ಮಾಡಿದ್ದು. ನೀನು ನನ್ನ ಮಾತಾಡೋಕೆ ಎಲ್ಲಿ ಬಿಟ್ಟೆ?"

ಅಂಕಲ್ ಸ್ಟೀರಿಂಗ್ ಹಿಡಿದುಕೊಂಡೇ ದೀರ್ಘವಾಗಿ ಆಕಳಿಸಿದರು.

"ಮುಂದಿನ ಭಾನುವಾರ ಎಲ್ಲಾದ್ರೂ ಹೋಗೋ ಹಾಗಿದ್ರೆ ಈಗ್ಲೇ ಹೇಳ್ಬಿಡು," ಎಂದರು ಆಂಟಿ. "ಪೂಜೆಗೆ ಬರೋರನ್ನೆಲ್ಲಾ ಅಲ್ಲಿಗೇ ಕರ್ಕೊಂಡು ಬರ್ತೀವಿ."

"ಇಲ್ಲ ಆಂಟಿ," ಎಂದ ಚಾಮರಾಜ, ಕೊಳಗವನ್ನು ಅಪ್ಪಿಕೊಂಡು. "ಕುರ್ಚಿ ಎಷ್ಟೊತ್ತಿಗೆ ಹಾಕ್ಬೇಕು?"